ಹಳಗನ್ನಡ ಸಂಪಾದನೆಗೊಂದು ಕೀಲಿಮಣೆ: ಬೋರ್ಡಿನ ಆಯ್ಕೆಯ ಪ್ರಶ್ನೆ

ಹಳಗನ್ನಡ ಕಾವ್ಯಗಳನ್ನೂ ಶಾಸನಪಾಠಗಳನ್ನೂ ಗಣಕಯಂತ್ರದಲ್ಲಿ ಅಳವಡಿಸುವ ಕಾರ್ಯದಲ್ಲಿ ತೊಡಗಿದವರಿಗೆ ಱ ಮತ್ತು ೞ ಅಕ್ಷರಗಳು ಒಡ್ಡುವ ತೊಡಕು ಹೊಸದೇನಲ್ಲ. ಯೂನಿಕೋಡಿನಲ್ಲಿ ಇವೆರಡಕ್ಕೂ ಸ್ಥಾನವಿದೆ. ಉತ್ತಮ ಅಕ್ಷರಶೈಲಿಗಳಲ್ಲಿ ರೂಪವೂ ಇದೆ. ಆದರೆ ಬೆರಳಿಗೆ ಸುಲಭವಾಗಿ ಸಿಗುವ ಕೀಲಿ ಇಲ್ಲದಿದ್ದಾಗ ರಕಾರ ಳಕಾರಗಳಿಂದಲೇ ಕೆಲಸ ಸಾಗಿಸುವ ಪ್ರವೃತ್ತಿ ಬೆಳೆಯುತ್ತದೆ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಪಠ್ಯದಲ್ಲಿ ಇವೆರಡೂ ಒಂದೇ ಅಕ್ಷರದಲ್ಲಿ ದಾಖಲಾದ ಮೇಲೆ ಯಾವ ಶೋಧಕ ತಂತ್ರಾಂಶವೂ ಅವುಗಳನ್ನು ಬೇರ್ಪಡಿಸಲಾರದು. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ವಿವೇಚಿಸಿದ ಭೇದವು ಕೇವಲ ಒಂದು ಕೀಲಿಯ ಅಭಾವದಿಂದ ಅಳಿಸಿಹೋಗುವುದು ಗ್ರಂಥಸಂಪಾದನಾಶಾಸ್ತ್ರದ ದೃಷ್ಟಿಯಿಂದ ಸಣ್ಣ ಹಾನಿಯಲ್ಲ.

ಈ ಹಿನ್ನೆಲೆಯಲ್ಲಿ, ಅಗತ್ಯಕ್ಕೆ ತಕ್ಕಂತೆ ಕೀಲಿಮಣೆಯನ್ನೇ ನಿರ್ಮಿಸಿಕೊಳ್ಳುವ ಹವ್ಯಾಸಿಗಳ ಅನುಭವವನ್ನು ಕನ್ನಡ ವಿಭಾಗಗಳು ಗಮನಿಸುವುದು ಉಚಿತ. ಇಂಥ ಕೀಲಿಮಣೆಯಲ್ಲಿ ಗುಂಡಿಗಳು, ತಂತಿಗಳು, ಡಯೋಡುಗಳು ಹಾಗೂ ಇವೆಲ್ಲವನ್ನೂ ಗಮನಿಸುತ್ತಿರುವ ಒಂದು ಮೈಕ್ರೋಕಂಟ್ರೋಲರ್ ಬೋರ್ಡು ಇರುತ್ತವೆ. ಪ್ರತಿಯೊಂದು ಗುಂಡಿಗೂ ಪ್ರತ್ಯೇಕ ತಂತಿ ಎಳೆಯುವ ಬದಲು ಗುಂಡಿಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸುವುದು ವಾಡಿಕೆ. 5 ಅಡ್ಡಸಾಲು, 12 ಕಂಬಸಾಲುಗಳಾದರೆ 60 ಗುಂಡಿಗಳಿಗೆ 17 ಪಿನ್ನುಗಳು ಸಾಕು. ಏಕಕಾಲಕ್ಕೆ ಹಲವು ಗುಂಡಿಗಳನ್ನು ಒತ್ತಿದಾಗ ಒತ್ತದ ಗುಂಡಿಯೂ ಒತ್ತಿದಂತೆ ತೋರುವ ದೋಷವನ್ನು ಡಯೋಡುಗಳು ತಡೆಯುತ್ತವೆ.

ಹವ್ಯಾಸಿಗಳ ವಲಯದಲ್ಲಿ ಬಹುಕಾಲ ರೂಢಿಯಲ್ಲಿರುವುದು ಪ್ರೋ ಮೈಕ್ರೋ ಎಂಬ ಪುಟ್ಟ ಬೋರ್ಡು. ಅದರ ಎಟಿಮೆಗಾ 32ಯು4 ಚಿಪ್ಪಿನಲ್ಲಿ 32 ಕಿಲೋಬೈಟ್ ಸ್ಮರಣೆಯಿದ್ದು, ಕಾರ್ಯಕ್ರಮ ತುಂಬುವ ಆರಂಭಿಕ ತಂತ್ರಾಂಶಕ್ಕೆ 4 ಕಿಲೋಬೈಟ್ ಕಳೆದರೆ 28 ಮಾತ್ರ ಉಳಿಯುತ್ತದೆ. 2021ರ ಜನವರಿಯಲ್ಲಿ ನಾಲ್ಕು ಡಾಲರ್ ಬೆಲೆಗೆ ಹೊರಬಂದ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡಿನಲ್ಲಿ ಆರ್‌ಪಿ 2040 ಚಿಪ್ಪು, 2 ಮೆಗಾಬೈಟ್ ಸ್ಮರಣೆ, 26 ಪಿನ್ನುಗಳಿವೆ. ತಂತಿಯಿಲ್ಲದ ಕೀಲಿಮಣೆ ಬೇಕೆನ್ನುವವರು ಎನ್‌ಆರ್‌ಎಫ್ 52840 ಚಿಪ್ಪಿನ ಬೋರ್ಡುಗಳನ್ನು ಆರಿಸುತ್ತಾರೆ. ಮೇಜಿನ ಮುಂದೆ ಕುಳಿತು ಮಾಡುವ ಸಂಪಾದನಾ ಕಾರ್ಯಕ್ಕೆ ಅದರ ಅಗತ್ಯ ಕಾಣದು. ಅಂಕಿಅಂಶಗಳನ್ನಷ್ಟೇ ನೋಡಿದರೆ ಪಿಕೋ ಮೇಲೆಂದು ಯಾರಾದರೂ ಹೇಳಿಯಾರು. ಆದರೆ ಸ್ಮರಣೆಯ ಗಾತ್ರವನ್ನೇ ಆಯ್ಕೆಯ ಅಳತೆಗೋಲು ಮಾಡಿಕೊಳ್ಳುವುದು ಕನ್ನಡದ ಮಟ್ಟಿಗೆ ದಾರಿ ತಪ್ಪಿಸುವ ವಿಚಾರ.

ಕೀಲಿಮಣೆಯು ಗಣಕಯಂತ್ರಕ್ಕೆ ಅಕ್ಷರವನ್ನು ಕಳುಹಿಸುವುದಿಲ್ಲ; ಯಾವ ಸ್ಥಾನದ ಕೀಲಿ ಒತ್ತಲ್ಪಟ್ಟಿತು ಎಂಬ ಸಂಕೇತವನ್ನಷ್ಟೇ ಕಳುಹಿಸುತ್ತದೆ. ಆ ಸ್ಥಾನಕ್ಕೆ 'ಕ' ಎಂಬ ಅರ್ಥವನ್ನು ಕೊಡುವುದು ಗಣಕದೊಳಗಿನ ಅಕ್ಷರವಿನ್ಯಾಸ. ಹೀಗಿರುವಾಗ ಬೋರ್ಡಿನಲ್ಲೇ ಕನ್ನಡವನ್ನು ತುಂಬಿಬಿಡಬೇಕೆಂಬ ಉತ್ಸಾಹ ಒಂದು ಬಳಸುದಾರಿಯನ್ನು ಹಿಡಿಯಬೇಕಾಗುತ್ತದೆ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ವ್ಯವಸ್ಥೆಯೇನೋ ಇದೆ: ಬೋರ್ಡು ಮನುಷ್ಯನಂತೆ ನಟಿಸಿ, ಅಕ್ಷರದ ಯೂನಿಕೋಡ್ ಸಂಖ್ಯೆಯ ನಾಲ್ಕು ಅಂಕಗಳನ್ನು ಒಂದೊಂದಾಗಿ ಬೆರಳಚ್ಚಿಸುತ್ತದೆ. ಹಿಂದುಮುಂದಿನ ಸೂಚನೆಗಳೂ ಸೇರಿದರೆ ಲಿನಕ್ಸ್‌ನಲ್ಲಿ ಒಂದು 'ಕ'ಕಾರಕ್ಕೆ ಆರು ಒತ್ತುಗಳು. ಕಕಾರ, ವಿರಾಮಚಿಹ್ನೆ, ಷಕಾರ ಸೇರಿದ ಕ್ಷ ಅಕ್ಷರಕ್ಕೆ ಹದಿನೆಂಟು. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಬೇರೆ ಸಹಾಯಕ ತಂತ್ರಾಂಶ ಬೇಕು, ಮ್ಯಾಕ್‌ನಲ್ಲಿ ಬೇರೊಂದು ಏರ್ಪಾಡು. ಎಲ್ಲಿಗೆ ಕೊಂಡೊಯ್ದರೂ ಕನ್ನಡ ಮೂಡಿಸುತ್ತದೆಂಬ ನಂಬಿಕೆಯಿಂದ ನಿರ್ಮಿಸಿದ ಕೀಲಿಮಣೆ ಪಕ್ಕದ ಕೊಠಡಿಯ ಗಣಕದಲ್ಲೇ ಮೂಕವಾಗಬಹುದು.

ಇದಕ್ಕಿಂತ ಗಹನವಾದ ತೊಡಕು ಕನ್ನಡದ ಲಿಪಿಸ್ವಭಾವದಲ್ಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಮಾನ್ಯ ಮಾಡಿದ, ನುಡಿ ತಂತ್ರಾಂಶದ ಮೂಲಕ ನಾಡಿನಾದ್ಯಂತ ಪರಿಚಿತವಾದ ವಿನ್ಯಾಸದಲ್ಲಿ ಒಂದೇ ಕೀಲಿ ಪದದ ಆರಂಭದಲ್ಲಿ 'ಇ' ಎಂದೂ ವ್ಯಂಜನದ ನಂತರ ಗುಣಿತಚಿಹ್ನೆಯೆಂದೂ ಮೂಡುತ್ತದೆ. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಹಿಡಿದಿಟ್ಟ ಆ ಜಾಣ್ಮೆಯ ಮೂಲವೇ ಸಂದರ್ಭಜ್ಞಾನ. ಬೋರ್ಡಿಗೆ ಆ ಜ್ಞಾನವಿಲ್ಲ. ಹಿಂದೆ ಒತ್ತಿದ ಕೀಲಿಯನ್ನು ಅದು ನೆನಪಿಟ್ಟುಕೊಳ್ಳಬಲ್ಲುದು. ಆದರೆ ಸಂಪಾದಕರು ಮೌಸ್ ಹಿಡಿದು ಮೇಲಿನ ಸಾಲಿನ ನಡುವೆ ತಿದ್ದಲು ಹೊರಟದ್ದು ಅದಕ್ಕೆ ತಿಳಿಯುವುದೇ ಇಲ್ಲ. ತೆರೆಯ ಮೇಲಿನ ಪಠ್ಯವನ್ನು ಕೀಲಿಮಣೆ ಓದಲಾರದು. ತಿದ್ದುಪಡಿಯೇ ಪ್ರಧಾನವಾದ ಸಂಪಾದನಾ ಕಾರ್ಯದಲ್ಲಿ ಈ ಕುರುಡುತನ ಪದೇ ಪದೇ ಬಾಧಿಸುತ್ತದೆ. ಸ್ವರಕ್ಕೂ ಗುಣಿತಚಿಹ್ನೆಗೂ ಪ್ರತ್ಯೇಕ ಸ್ಥಾನವಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೆ ಈ ಸಮಸ್ಯೆಯಿಲ್ಲ ಎಂಬುದು ನಿಜ. ಅದಕ್ಕಾಗಿ ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಪಳಗಿದವರನ್ನೆಲ್ಲ ಮತ್ತೆ ಅ ಆ ಇ ಈಗೆ ಕೂರಿಸುವುದು ವ್ಯವಹಾರಜ್ಞಾನವಲ್ಲ.

ಆದುದರಿಂದ ಕನ್ನಡದ ಅಕ್ಷರವಿನ್ಯಾಸವು ಗಣಕದಲ್ಲೇ ಇರಬೇಕು; ಬೋರ್ಡು ಸ್ಥಾನಸಂಕೇತಗಳನ್ನಷ್ಟೇ ಕಳುಹಿಸಬೇಕು. ಹಾಗಾದಾಗ ಇಡೀ ಕೀಲಿಮಣೆಯನ್ನು ಹೊಸದಾಗಿ ಕಟ್ಟುವ ಅಗತ್ಯವೂ ಉಳಿಯುವುದಿಲ್ಲ. ಈಗಿರುವ ಕೀಲಿಮಣೆಯ ಪಕ್ಕದಲ್ಲಿ ಹನ್ನೆರಡು ಗುಂಡಿಗಳ ಪುಟ್ಟ ಮಣೆಯೊಂದು ಸಾಕು. ಯುಎಸ್‌ಬಿ ಕೀಲಿಮಣೆಗಳ ನಿಯಮಾವಳಿಯಲ್ಲಿ ಎಫ್13ರಿಂದ ಎಫ್24ರವರೆಗೆ ಸರಿಯಾಗಿ ಹನ್ನೆರಡು ಸಂಕೇತಗಳಿದ್ದು, ಸಾಮಾನ್ಯ ಕೀಲಿಮಣೆಗಳಲ್ಲಿ ಆ ಕೀಲಿಗಳೇ ಇರುವುದಿಲ್ಲ. ಪುಟ್ಟ ಮಣೆ ಇವನ್ನು ಕಳುಹಿಸಲಿ. ಅವುಗಳಿಗೆ ಅಕ್ಷರಗಳನ್ನು ಗಣಕ ಜೋಡಿಸಲಿ. ಲಿನಕ್ಸ್‌ನಲ್ಲಿ ಇದು ವಿನ್ಯಾಸದ ಕಡತಕ್ಕೆ ಕೆಲವು ಸಾಲು ಸೇರಿಸುವ ಕೆಲಸ. ವಿಂಡೋಸ್‌ನಲ್ಲಿ ಆಟೋಹಾಟ್‌ಕೀಯಂಥ ಮುಕ್ತ ತಂತ್ರಾಂಶ ನೆರವಾಗುತ್ತದೆ. ಒಂದು ಮಾತು ಮಾತ್ರ ಉಳಿಯುತ್ತದೆ: ಹೊರಗಿನಿಂದ ಬಂದ ೞಕಾರವನ್ನು ವ್ಯಂಜನವೆಂದು ಗುರುತಿಸದ ತಂತ್ರಾಂಶವು ಅದರ ಮುಂದೆ ಗುಣಿತಚಿಹ್ನೆಯ ಬದಲು ಬಿಡಿಸ್ವರವನ್ನು ಮೂಡಿಸೀತು. ಆ ತಿದ್ದುಪಡಿ ಕನ್ನಡ ತಂತ್ರಾಂಶ ರಚಿಸುವವರ ಹೊಣೆ. ಬೋರ್ಡು ಬದಲಿಸಿದರೆ ಅದು ನೀಗದು.

ಹನ್ನೆರಡು ಗುಂಡಿಗಳಿಗೆ ಪ್ರೋ ಮೈಕ್ರೋದ ಹದಿನೆಂಟು ಪಿನ್ನುಗಳೇ ಧಾರಾಳ. ಒಂದು ಗುಂಡಿಗೆ ಒಂದು ಪಿನ್ನು ಕೊಟ್ಟರೆ ಡಯೋಡುಗಳೂ ಬೇಡ. ಆದರೂ ವಿಭಾಗವೊಂದು ಕೊಳ್ಳುವುದಾದರೆ ಪಿಕೋ ಬೋರ್ಡನ್ನೇ ಆರಿಸುವುದು ಲೇಸು. ಕಾರಣ ಸ್ಮರಣೆಯಲ್ಲ, ನಿರ್ವಹಣೆ. ಅದರ ಮೇಲಿನ ಗುಂಡಿಯನ್ನು ಒತ್ತಿಹಿಡಿದು ಗಣಕಕ್ಕೆ ಜೋಡಿಸಿದರೆ ಅದು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಹೊಸ ಕಡತವನ್ನು ಅದರೊಳಗೆ ನಕಲಿಸಿದರೆ ಮುಗಿಯಿತು. ಯೋಜನೆ ಮುಗಿದು ಸಹಾಯಕರು ಬದಲಾದ ಮೇಲೂ ಉಳಿದವರು ಮಾಡಬಹುದಾದ ಕೆಲಸವಿದು. ಬೋರ್ಡನ್ನು ನೇರವಾಗಿ ಬೆಸುಗೆ ಹಾಕದೆ ಸಾಕೆಟ್ಟಿನಲ್ಲಿ ಕೂರಿಸಿದರೆ, ಕೆಟ್ಟಾಗ ಕಿತ್ತು ಬೇರೊಂದನ್ನು ಇಡಬಹುದು.

ಹನ್ನೆರಡು ಯಾವುವು ಎಂಬುದು ಸಂಪಾದಕರು ನಿರ್ಧರಿಸಬೇಕಾದ ವಿಷಯ. ಱ, ೞ, ಅವಗ್ರಹ, ಜಿಹ್ವಾಮೂಲೀಯ, ಉಪಧ್ಮಾನೀಯ, 2021ರಲ್ಲಷ್ಟೇ ಯೂನಿಕೋಡಿಗೆ ಸೇರಿದ ನಕಾರಪೊಲ್ಲು, ೠ ಮತ್ತು ಅದರ ಗುಣಿತಚಿಹ್ನೆ, ಒಂಟಿ ಹಾಗೂ ಜೋಡಿ ದಂಡಗಳು, ಒತ್ತಕ್ಷರವಾಗುವುದನ್ನು ನಿಯಂತ್ರಿಸುವ ಎರಡು ಅದೃಶ್ಯ ಚಿಹ್ನೆಗಳು ಸೇರಿದರೆ ಲೆಕ್ಕ ತುಂಬುತ್ತದೆ. ಛಂದಸ್ಸಿನ ಪಾಠ ಹೇಳುವವರು ಲಘುಗುರು ಚಿಹ್ನೆಗಳಿಗೂ ಸ್ಥಾನ ಕೇಳಬಹುದು. ಆಗ ೠಕಾರದ ಎರಡು ಗುಂಡಿಗಳನ್ನು ಅವುಗಳಿಗೆ ಬಿಟ್ಟುಕೊಡಬಹುದು.