ಅಪ್ಪನ ಅಂಬಾಸಿಡರು

ಮನೆಯ ಹಿರಿಯರು ತೀರಿಕೊಂಡಾಗ ಅವರ ಕನ್ನಡಕ, ಊರುಗೋಲು, ನಶ್ಯದ ಡಬ್ಬಿಗಳನ್ನು ಏನು ಮಾಡಬೇಕೆಂಬುದು ಉಳಿದವರಿಗೆ ಹೇಗೋ ಹೊಳೆಯುತ್ತದೆ. ಅವು ಚಿಕ್ಕವು, ಒಂದು ಪೆಟ್ಟಿಗೆಯಲ್ಲಿ ಅಡಗಿಬಿಡುತ್ತವೆ. ಆದರೆ ಹದಿನಾಲ್ಕು ಅಡಿ ಉದ್ದದ ಒಂದು ಮೋಟಾರು ಕಾರನ್ನು ಏನು ಮಾಡುವುದು?

ಬಳ್ಳಾರಿಯ ಕೌಲ್ ಬಜಾರಿನ ಕಡೆಯ ಒಂದು ಮನೆಯಲ್ಲಿ 2022ರ ಬೇಸಿಗೆಯಲ್ಲಿ ಈ ಪ್ರಶ್ನೆ ಎದ್ದಿತು. ಕಾರು 1984ರ ಅಂಬಾಸಿಡರು. ತಂದೆಯವರು ಹತ್ತಿಯ ಜಿನ್ನಿನಲ್ಲಿ ಗುಮಾಸ್ತರಾಗಿದ್ದು, 1989ರಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಅದಕ್ಕಾಗಿ ಅವರು ಎಷ್ಟು ವರ್ಷ ಚಹಾ ಬಿಟ್ಟಿದ್ದರೆಂಬುದು ತಾಯಿಗೆ ಮಾತ್ರ ತಿಳಿದಿತ್ತು.

ತಂದೆಯವರ ಹುಟ್ಟೂರು ಕುರುಗೋಡು. ಅಲ್ಲಿಯ ದೊಡ್ಡಬಸವೇಶ್ವರನ ರಥೋತ್ಸವದಲ್ಲಿ ಉಳಿದ ಹುಡುಗರೆಲ್ಲ ಕಳಸವನ್ನು ನೋಡಿದರೆ ಇವರು ಗಾಲಿಯನ್ನು ನೋಡುತ್ತಿದ್ದರಂತೆ. ಅಷ್ಟು ದೊಡ್ಡ ತೇರನ್ನು ಸಾವಿರ ಜನ ಎಳೆಯುತ್ತಾರೆ, ನಿಜ. ಆದರೆ ಗಾಲಿಗೆ ಮರದ ತುಂಡು ಕೊಟ್ಟು ಅದರ ದಿಕ್ಕನ್ನು ತಿದ್ದುವವರು, ನಿಲ್ಲಿಸುವವರು ನಾಲ್ಕೇ ಮಂದಿ. ಆ ನಾಲ್ವರಲ್ಲೊಬ್ಬನಾಗಬೇಕೆಂಬ ಬಾಲ್ಯದ ಆಸೆಯೇ ಮುಂದೆ ಮೋಟಾರಿನ ಹುಚ್ಚಾಗಿ ಬೆಳೆಯಿತೆಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅಂಬಾಸಿಡರಿನ ವಂಶಾವಳಿಯನ್ನು ಹೇಳುವುದೆಂದರೆ ಅವರಿಗೆ ಪುರಾಣ ಹೇಳುವಷ್ಟು ಉತ್ಸಾಹ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಮಗ್ಗುಲಿನ ಕೌಲಿ ಎಂಬಲ್ಲಿ ಹುಟ್ಟಿದ ಮಾರಿಸ್ ಆಕ್ಸ್‌ಫರ್ಡ್ ಕಾರು, ಕಲಕತ್ತೆಯ ಬಳಿಯ ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಹೊಸ ಹೆಸರು ಪಡೆದು, 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಮಂತ್ರಿಗಳೂ ಬಾಡಿಗೆಯ ಚಾಲಕರೂ ಒಂದೇ ಬಗೆಯ ಕಾರಿನಲ್ಲಿ ಓಡಾಡಿದ ಕಾಲವದು. "ಕೌಲಿಯಿಂದ ಕೌಲ್ ಬಜಾರಿಗೆ ಬಂದಿದೆಯಪ್ಪ" ಎಂಬುದು ಅವರ ನಿತ್ಯದ ವಿನೋದ. ಬಂದ ನೆಂಟರು ಪ್ರತಿಸಲವೂ ನಗಲೇಬೇಕಿತ್ತು.

ಮಗನಿಗೆ ಆಗ ಹತ್ತು ವರ್ಷ. ಇಂಜಿನಿನ ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹಾರುವುದು ಸಾಲಾಗಿ ಅಲ್ಲ. 1, 3, 4, 2 ಎಂಬ ಕ್ರಮದಲ್ಲಿ. ಹಾಗಲ್ಲದಿದ್ದರೆ ಇಂಜಿನು ಸಮವಾಗಿ ತಿರುಗದು. ಹದಿಮೂರರ ಮಗ್ಗಿಯನ್ನು ತಪ್ಪುತ್ತಿದ್ದ ಹುಡುಗ ಇದನ್ನು ಒಂದು ದಿನವೂ ತಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಬಾನೆಟ್ಟನ್ನು ಎತ್ತಿ ನಿಲ್ಲಿಸಿ ತಂದೆ ಮಗ ಇಬ್ಬರೂ ತಲೆ ಬಗ್ಗಿಸಿ ನಿಂತರೆ, ಉಪ್ಪಿಟ್ಟು ಎರಡು ಸಲ ಆರಬೇಕು. ಮನೆಯಲ್ಲಿ ಮಿತಭಾಷಿಯಾಗಿದ್ದ ತಂದೆ ಆ ಬಾನೆಟ್ಟಿನ ನೆರಳಿನಲ್ಲಿ ಮಾತ್ರ ಮಾತುಗಾರರಾಗುತ್ತಿದ್ದರು.

ಸಿರುಗುಪ್ಪದಲ್ಲಿ ಸೋದರತ್ತೆಯ ಮನೆ. ತುಂಗಭದ್ರೆಯ ಕಾಲುವೆಗಳು ಹರಿದ ಮೇಲೆ ಆ ಸೀಮೆಯೆಲ್ಲ ಬತ್ತದ ಗದ್ದೆ. ವರ್ಷಕ್ಕೆರಡು ಸಲ ಅಕ್ಕಿಯ ಮೂಟೆಗಳು ಅಂಬಾಸಿಡರಿನ ಬೆನ್ನೇರಿ ಬಳ್ಳಾರಿಗೆ ಬರುತ್ತಿದ್ದವು. ಏಪ್ರಿಲಿನ ಬಿಸಿಲಿನಲ್ಲಿ ತೆಕ್ಕಲಕೋಟೆ ಸಮೀಪಿಸುವಷ್ಟರಲ್ಲಿ ಕಾರು ಕೆಮ್ಮಿ ನಿಲ್ಲುವುದು ವಾಡಿಕೆ. ಇದರಲ್ಲಿ ಕಾರಿನ ಅಪರಾಧವೇನೂ ಇಲ್ಲ. ಬಿಸಿಲೂ ಇಂಜಿನಿನ ಕಾವೂ ಸೇರಿ ಕೊಳವೆಯಲ್ಲಿಯೇ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ತಳ್ಳಬಲ್ಲ ಪಂಪು ಆವಿಯನ್ನು ತಳ್ಳಲಾರದು. ತಂದೆಯವರು ಸೀಟಿನ ಕೆಳಗಿನಿಂದ ಒಂದು ಕೆಂಪಂಚಿನ ಟವೆಲನ್ನು ತೆಗೆದು, ಕಾಲುವೆಯಲ್ಲಿ ಅದ್ದಿ, ಪಂಪಿನ ಮೇಲೆ ಸುತ್ತುತ್ತಿದ್ದರು. "ಜ್ವರ ಬಂದ ಮಗುವಿನ ಹಣೆಗೆ ತಣ್ಣೀರು ಪಟ್ಟಿ" ಎನ್ನುತ್ತಿದ್ದರು. ಹತ್ತು ನಿಮಿಷದಲ್ಲಿ ಜ್ವರ ಇಳಿಯುತ್ತಿತ್ತು.

ಮಗ ದೊಡ್ಡವನಾಗಿ ಬ್ಯಾಂಕು ಸೇರಿ 2003ರಲ್ಲಿ ಒಂದು ಮಾರುತಿ ಕೊಂಡ. ತಂದೆಯವರು ಅದರಲ್ಲಿ ಕುಳಿತು ಊರು ಸುತ್ತಿ ಬಂದು, "ಬಹಳ ಚೆನ್ನಾಗಿದೆ. ಆದರೆ ಮಾತೇ ಆಡುವುದಿಲ್ಲವಲ್ಲ" ಎಂದರು. ತಮ್ಮ ಕಾರಿಗೆ ಹದಿನೈದು ವರ್ಷ ತುಂಬಿದಾಗಿನಿಂದ ಐದು ವರ್ಷಕ್ಕೊಮ್ಮೆ ಅದನ್ನು ತೊಳೆದು ಒರೆಸಿ ಸಾರಿಗೆ ಕಚೇರಿಗೆ ಕೊಂಡೊಯ್ದು, ಅದು ಇನ್ನೂ ಓಡಲು ಯೋಗ್ಯವೆಂಬ ಪತ್ರವನ್ನು ಪಡೆದು ತರುತ್ತಿದ್ದರು. ಆ ದಿನ ಅವರು ಇಸ್ತ್ರಿಯ ಅಂಗಿ ತೊಡುವರು.

2021ರಲ್ಲಿ ಅವರ ಕಣ್ಣು ಮಂದವಾಯಿತು. ಒಂದು ಸಂಜೆ ಕಾರು ಮನೆಯ ಗೇಟಿನ ಕಂಬಕ್ಕೆ ಉಜ್ಜಿತು. ಮಗ ಏನೂ ಹೇಳಲಿಲ್ಲ. ಮರುದಿನ ಕೀಲಿಯನ್ನು ತೆಗೆದು ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಇಟ್ಟ. ಹೇಳಿ ತೆಗೆದುಕೊಳ್ಳಬಹುದಿತ್ತು. ಎಪ್ಪತ್ತೈದು ದಾಟಿದ ತಂದೆಗೆ "ಇನ್ನು ಓಡಿಸಬೇಡಿ" ಎಂದು ಹೇಳುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಕದಿಯುವುದು ಅದಕ್ಕಿಂತ ಸುಲಭ. ತಂದೆಯವರು ಕೀಲಿಯನ್ನು ಕೇಳಲೇ ಇಲ್ಲ. ಸಂಜೆ ಮಾತ್ರ ನಿಂತ ಕಾರಿನ ಚಾಲಕನ ಸ್ಥಾನದಲ್ಲಿ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದರು. ಕಿಟಕಿಯಿಂದ ಅದನ್ನು ಕಂಡ ಮಗ ಕಿಟಕಿಯ ಬಳಿ ಹೋಗುವುದನ್ನು ಬಿಟ್ಟ.

ಮರುವರ್ಷದ ಮಾರ್ಚಿಯಲ್ಲಿ ಅವರು ತೀರಿಕೊಂಡರು. ವಾಹನದ ಒಡೆಯ ಮರಣ ಹೊಂದಿದರೆ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ವಾರಸುದಾರ 31ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು, ಇದು ನಿಯಮ. ಮಗ ಪತ್ರವನ್ನೇನೋ ಬರೆದು ಕಳಿಸಿದ. ನಮೂನೆ ಮಾತ್ರ ಮೇಜಿನ ಮೇಲೆ ಹಾಗೆಯೇ ಉಳಿಯಿತು. ಸಹಿ ಹಾಕಿದರೆ ಆ ಕಾರಿನ ಮೇಲಿಂದ ತಂದೆಯ ಹೆಸರು ಹೋಗುತ್ತದೆ. ಅಷ್ಟರಲ್ಲಿ ಹಳೆಯ ಕಬ್ಬಿಣದ ಒಬ್ಬ ವ್ಯಾಪಾರಿ ಬಂದು, ಕಾರನ್ನು ಸುತ್ತಿ ನೋಡಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. "ಅವನು ಹೇಳುವುದರಲ್ಲಿ ತಪ್ಪೇನಿದೆ? ವರ್ಷದಿಂದ ನಿಂತ ಗಾಡಿ, ಬ್ಯಾಟರಿ ಸತ್ತಿರುತ್ತದೆ" ಎಂದು ಮಗನೇ ಒಪ್ಪಿಕೊಂಡ.

ಆಗ ಹೆಂಡತಿ ಬೀರುವಿನಿಂದ ಕೀಲಿಯನ್ನು ತಂದುಕೊಟ್ಟು, "ಒಮ್ಮೆ ತಿರುಗಿಸಿ ನೋಡಿ" ಎಂದಳು. ಅವನು ಚೋಕನ್ನು ಎಳೆದು ಕೀಲಿ ತಿರುಗಿಸಿದ. ಎರಡನೆಯ ಸಲಕ್ಕೆ ಇಂಜಿನು ಗುಡುಗಿತು.

ಅವಳು ಆಮೇಲೆ ಹೇಳಿದಳು. ಮಾವನವರು ಪ್ರತಿ ಸೋಮವಾರ, ಗಂಡ ಬ್ಯಾಂಕಿಗೆ ಹೋದ ಮೇಲೆ, ಅವಳಿಂದ ಕೀಲಿಯನ್ನು ಕೇಳಿ ಪಡೆದು, ನಿಂತಲ್ಲಿಯೇ ಕಾಲು ಗಂಟೆ ಇಂಜಿನು ನಡೆಸಿ, ಕೀಲಿಯನ್ನು ಮೊದಲಿದ್ದಂತೆಯೇ ಸೀರೆಗಳ ಕೆಳಗೆ ಇಡಲು ಹೇಳುತ್ತಿದ್ದರಂತೆ. ಗಾಡಿಯನ್ನು ಒಂದು ಗೇಣೂ ಮುಂದಕ್ಕೆ ಬಿಟ್ಟವರಲ್ಲ. "ಅವನಿಗೆ ಹೇಳಬೇಡಮ್ಮ, ನೊಂದುಕೊಳ್ಳುತ್ತಾನೆ. ಬ್ಯಾಟರಿ ಸಾಯಬಾರದು, ಅಷ್ಟೆ." ಅವರು ಹೋದ ಮೇಲೆ ಆ ಸೋಮವಾರಗಳನ್ನು ಅವಳೇ ನಡೆಸಿದ್ದಳು.

ಮಗ ಬಹಳ ಹೊತ್ತು ಇಂಜಿನನ್ನು ಆರಿಸಲಿಲ್ಲ.

ಆ ವಾರವೇ ಅವನು ಸಿರುಗುಪ್ಪಕ್ಕೆ ಹೊರಟ. ತೆಕ್ಕಲಕೋಟೆಯ ಈಚೆಗೇ ಕಾರು ಕೆಮ್ಮಿ ನಿಂತಿತು. ಸೀಟಿನ ಕೆಳಗೆ ಕೈ ಹಾಕಿದರೆ ಟವೆಲು ಅಲ್ಲಿಯೇ ಇತ್ತು. ಕೆಂಪಂಚು ಮಾಸಿತ್ತು, ಮಡಿಕೆ ಅವರದೇ. ಕಾಲುವೆಯಲ್ಲಿ ಅದ್ದುವಾಗ ಅದರಿಂದ ಎಣ್ಣೆಯ, ನಶ್ಯದ ವಾಸನೆ ಎದ್ದಿತು. ಅತ್ತೆಯ ಮನೆಯನ್ನು ತಲುಪಿದಾಗ ಆ ಮುದುಕಿ ಕಾರಿನ ಸದ್ದಿಗೇ ಬಾಗಿಲಿಗೆ ಬಂದು, "ಅಣ್ಣ ಬಂದ" ಎಂದು, ಅಲ್ಲಿಯೇ ನಿಂತುಬಿಟ್ಟಳು.

ಮರುದಿನ ನಮೂನೆಗೆ ಸಹಿ ಬಿತ್ತು. ಕೆಲವು ವಾರಗಳಾದ ಮೇಲೆ ಹೊಸ ನೋಂದಣಿ ಪತ್ರ ಅಂಚೆಯಲ್ಲಿ ಬಂದಿತು. ಒಡೆಯನ ಹೆಸರಿನ ಸಾಲಿನಲ್ಲಿ ಮಗನ ಹೆಸರು. ಅದರ ಕೆಳಗಿನ ಸಾಲಿನಲ್ಲಿ, ಇಂಥವರ ಮಗ ಎಂದು ತೋರಿಸುವ ಕಡೆ, ತಂದೆಯ ಹೆಸರು. ಅರ್ಜಿಯಲ್ಲಿ ಅದನ್ನು ತಾನೇ ಬರೆದಿದ್ದರೂ ಆಗ ಅವನಿಗೆ ಹೊಳೆದಿರಲಿಲ್ಲ. ಪತ್ರವನ್ನು ಹೆಂಡತಿಗೆ ತೋರಿಸಿ, ಕಾರಿನಲ್ಲಿ ಇರಿಸಿ, ಬಾನೆಟ್ಟನ್ನು ಎತ್ತಿದ. ಅಂದು ಭಾನುವಾರವಾಗಿರಲಿಲ್ಲ.