ಸದ್ದಿಲ್ಲದ ದಾರಿಗೆ ಕಾರಣ ಕೇಳಬೇಕು

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದು ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ರಸ್ತೆ ಕಿರಿದು, ಆದರೆ ನುಣುಪು. ವಾಹನ ಕಡಿಮೆ. ಸ್ವಲ್ಪ ದೂರಕ್ಕೊಂದು ಹಳೆಯ ಊರು, ಊರಿಗೊಂದು ಕಲ್ಲಿನ ಚರ್ಚು. ಇಂಥ ಊರುಗಳನ್ನು ಕಾಪಾಡಲೆಂದೇ ಅಲ್ಲಿ 1982ರಲ್ಲಿ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ ಹುಟ್ಟಿತು. ಜನಸಂಖ್ಯೆ 2000 ಮೀರಿದ ಊರಿಗೆ ಅದರಲ್ಲಿ ಜಾಗವಿಲ್ಲ. ಇದನ್ನು ಕೇಳಿದವರು, ನಮ್ಮಲ್ಲೂ ಹಳೆಯ ಊರುಗಳ ಮೂಲಕ ಇಂಥ ಸೈಕಲ್ ದಾರಿ ಮಾಡಬಾರದೇಕೆ, ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಯ ಕಡೆ ಇದಕ್ಕಿಂತ ಚೆಂದದ ದಾರಿಗಳಿಲ್ಲವೇ ಎನ್ನುತ್ತಾರೆ.

ಇವೆ, ಅದರಲ್ಲಿ ಅನುಮಾನವಿಲ್ಲ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ, ದಡದಲ್ಲೇ ಕೋದಂಡರಾಮನ ಗುಡಿ. ಅಲ್ಲಿಂದ ಸಾಲಿಗ್ರಾಮ ದೂರವಲ್ಲ. ರಾಮಾನುಜಾಚಾರ್ಯರ ನೆನಪನ್ನೂ ಜೈನರ ಹಳೆಯ ನೆಲೆಯನ್ನೂ ಒಟ್ಟಿಗೆ ಉಳಿಸಿಕೊಂಡ ಊರು ಅದು. ಪಡುವಲಿಗೆ ತಿರುಗಿದರೆ ಬೆಟ್ಟದಪುರ. ಸಿಡಿಲು ಮಲ್ಲಿಕಾರ್ಜುನನ ಆ ಬೆಟ್ಟ ಬಯಲ ನಡುವೆ ಒಂಟಿಯಾಗಿ ಎದ್ದು ನಿಂತಿರುವುದರಿಂದ ಸೈಕಲ್ಲಿನವನಿಗೆ ಅರ್ಧ ದಿನವೆಲ್ಲ ದಿಕ್ಕು ಹೇಳುತ್ತಲೇ ಇರುತ್ತದೆ. ಇನ್ನೂ ಮುಂದೆ ಬೈಲಕುಪ್ಪೆಯಲ್ಲಿ, 1960ರ ದಶಕದ ಮೊದಲಲ್ಲಿ ಟಿಬೆಟಿನಿಂದ ಬಂದವರು ಕಾಡು ಕಡಿದು ಹೊಲ ಮಾಡಿಕೊಂಡ ನೆಲದಲ್ಲಿ, ಜೋಳದ ಹೊಲದಂಚಿಗೆ ಪ್ರಾರ್ಥನೆಯ ಬಾವುಟಗಳು. ಹುಣಸೂರಿನ ದಕ್ಷಿಣಕ್ಕೆ ಹನಗೋಡು, ಲಕ್ಷ್ಮಣತೀರ್ಥದ ಅಣೆಕಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಸುತ್ತಿನ ಯಾವ ದಾರಿ ಹಿಡಿದರೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಘಾಟು ಮೂಗಿಗೆ ಬಡಿಯುತ್ತದೆ.

ದಾರಿ ಚೆನ್ನಾಗಿದೆ, ನೋಟ ಚೆನ್ನಾಗಿದೆ, ವಾಹನ ಕಡಿಮೆ. ಆದ್ದರಿಂದ ಫಲಕ ನೆಟ್ಟು ನಕ್ಷೆ ಅಚ್ಚು ಮಾಡಿಸಿ ಎಂಬ ವಾದ ಇಲ್ಲಿಗೆ ನಿಂತುಬಿಡುತ್ತದೆ. ನನಗೆ ಇದು ಸಾಲದು. ಒಂದು ದಾರಿ ಸದ್ದಿಲ್ಲದೆ ಇದ್ದರೆ ಅದಕ್ಕೆ ಕಾರಣವೊಂದು ಇರುತ್ತದೆ. ಆ ಕಾರಣ ಒಳ್ಳೆಯದೋ ಕೆಟ್ಟದೋ ನೋಡದೆ, ಸದ್ದಿಲ್ಲದಿರುವುದನ್ನೇ ಸೊಬಗೆಂದು ಹೊಗಳುವುದು ಸರಿಯಲ್ಲ.

ಫ್ರಾನ್ಸನ್ನೇ ತೆಗೆದುಕೊಳ್ಳಿ. ಅಲ್ಲಿನ ಹಳ್ಳಿ ರಸ್ತೆಗೆ ವಾಹನ ಬಾರದಿರಲು ಮೊದಲ ಕಾರಣ, ದೂರ ಹೋಗುವ ಕಾರು ಲಾರಿಗಳಿಗೆ ಬೇರೆ ಹೆದ್ದಾರಿ ಇರುವುದು. ಜಿಲ್ಲಾ ರಸ್ತೆಗಳು ಊರಿಂದೂರಿಗೆ ಹೋಗುವವರ ಪಾಲಿಗೆ ಉಳಿದಿವೆ. ಇದು ಯೋಚಿಸಿ ಮಾಡಿದ ಏರ್ಪಾಡು, ಮೆಚ್ಚಬೇಕಾದದ್ದು. ಆದರೆ ಇನ್ನೊಂದು ಕಾರಣವೂ ಇದೆ. ಕಳೆದ ಶತಮಾನದುದ್ದಕ್ಕೂ ಅಲ್ಲಿನ ಹಳ್ಳಿಗಳ ಮಕ್ಕಳು ಪಟ್ಟಣ ಸೇರಿದರು. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ಎಷ್ಟೋ ಮನೆಗಳು ಪಟ್ಟಣದವರ ಬೇಸಿಗೆಯ ಬಿಡಾರಗಳಾದವು. ಸೈಕಲ್ ಸವಾರ ಸವಿಯುವ ಮೌನದಲ್ಲಿ ಒಂದು ಪಾಲು ಊರು ಬರಿದಾದದ್ದರ ಮೌನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಹೆಗ್ಗಡದೇವನಕೋಟೆಯಲ್ಲಿ ಈ ಮಾತು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಅತ್ಯಂತ ನಿಶ್ಶಬ್ದವಾದ ದಾರಿಗಳು ಯಾವುವು? ನೀರಿಗೆ ಇಳಿದು ಮುಗಿಯುವ ದಾರಿಗಳು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು ಹಿನ್ನೀರು ಹಬ್ಬಿದಾಗ 20ಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಅವುಗಳಲ್ಲಿ ಕಿತ್ತೂರು ಒಂದು. ಹಳೆಯ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಅದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗ್ರೀಕ್ ಭೂಗೋಳಜ್ಞ ಟಾಲೆಮಿ ಎರಡನೆಯ ಶತಮಾನದಲ್ಲೇ ಪುನ್ನಾಟದ ಹೆಸರನ್ನು ಅಲ್ಲಿ ಸಿಗುವ ಹಸಿರುಕಲ್ಲಿನ ಜೊತೆ ಬರೆದಿಟ್ಟಿದ್ದ. ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾದ ಕಾಕನಕೋಟೆಯ ನೆಲವನ್ನೂ ಇದೇ ನೀರು ನುಂಗಿತು. ಐತಿಹಾಸಿಕ ಹಳ್ಳಿಗಳ ಮೂಲಕ ಸೈಕಲ್ ದಾರಿ ಎಂದು ನಾವು ಹೆಸರಿಟ್ಟರೆ ನಮ್ಮ ಅತಿ ಹಳೆಯ ಊರೊಂದಕ್ಕೆ ದಾರಿಯೇ ಇಲ್ಲ. ಹಿನ್ನೀರಿನ ದಡಕ್ಕೆ ಬಂದು ನಿಲ್ಲುವ ಸವಾರ ಆ ನೋಟವನ್ನು ಸವಿಯಲಿ, ಬೇಡವೆನ್ನುವುದಿಲ್ಲ. ಆದರೆ ಆ ಮೌನಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಆ ದಡದಲ್ಲೇ ಒಂದು ಫಲಕ ಅವನಿಗೆ ಹೇಳಬೇಕು. ಮುಳುಗಿದ ಊರುಗಳ ಹೆಸರುಗಳನ್ನು ಒಂದೊಂದಾಗಿ ಬರೆದ ಫಲಕ.

ನಾಗರಹೊಳೆಯ ಅಂಚಿನ ದಾರಿಗಳದು ಬೇರೆ ಕಥೆ. ಕಾಡೊಳಗಿನ ಹಾಡಿಗಳಿಂದ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಹೊರಗೆ ತಂದು ಕೂರಿಸಿದ ಮೇಲೆ ಉಳಿದ ಮೌನ ಅಲ್ಲಿದೆ. ಅದರ ಜೊತೆಗೆ ಪ್ರಾಣಿಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಮೌನವೂ ಇದೆ. ಮಾನಂದವಾಡಿಗೆ ಹೋಗುವ ಕಾಡುದಾರಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಅದು ಆನೆಯ ಹೊತ್ತು. ಅಂತರಸಂತೆಯಿಂದ ಆಚೆಗೆ ಸೈಕಲ್ ದಾರಿ ಎಳೆಯಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸೈಕಲ್ ಸದ್ದು ಮಾಡುವುದಿಲ್ಲ ಎಂಬುದೇ ಅಲ್ಲಿ ಅಪಾಯ. ತಿರುವಿನಲ್ಲಿ ನಿಂತ ಆನೆಗೆ ಮನುಷ್ಯ ಬರುವುದು ಮುಂಚೆ ತಿಳಿಯಬೇಕು. ಕೆಲವು ದಾರಿಗಳು ನಮಗಾಗಿ ಸದ್ದಿಲ್ಲದೆ ಇಲ್ಲ. ಅವುಗಳಿಂದ ದೂರ ಇರುವುದೇ ಅವಕ್ಕೆ ನಾವು ಕೊಡುವ ಗೌರವ.

ಹಾಗಾದರೆ ಉಳಿಸಿಕೊಳ್ಳಬೇಕಾದ ಮೌನ ಯಾವುದು? ಜನ ಇದ್ದೂ, ದುಡಿಯುತ್ತಿದ್ದೂ, ಅವಸರವಿಲ್ಲದೆ ಇರುವ ದಾರಿಯ ಮೌನ. ಇದು ನಮ್ಮಲ್ಲಿ ಇನ್ನೂ ಧಾರಾಳವಾಗಿದೆ. ಇದನ್ನು ಕಾಣಬೇಕಾದರೆ ಕೆ.ಆರ್. ನಗರದ ಗದ್ದೆಬಯಲಿಗೆ ಹೋಗಬೇಕು. ಕಾವೇರಿಯ ಹಳೆಯ ಕಟ್ಟೆಗಳಿಂದ ಹೊರಟ ನಾಲೆಗಳು ಆ ಬಯಲನ್ನೆಲ್ಲ ಹೆಣೆದಿವೆ. ನಾಲೆ ಏರಿಯ ಮೇಲೆ ಬೆಳಗಿನ ಹೊತ್ತು ಹಾಲಿನ ಕ್ಯಾನ್ ಹೊತ್ತು ಡೇರಿಗೆ ಹೊರಟವರು, ಹುಲ್ಲಿನ ಹೊರೆಯವರು, ಎಮ್ಮೆ ತೊಳೆಯುವವರು, ಶಾಲೆಗೆ ಹೊರಟ ಮಕ್ಕಳು. ಇಷ್ಟೆಲ್ಲ ಜನವಿದ್ದರೂ ಮಾತು ಕೇಳಿಸುತ್ತದೆ, ನೀರಿನ ಸದ್ದು ಕೇಳಿಸುತ್ತದೆ. ಫ್ರಾನ್ಸಿನ ದಕ್ಷಿಣದಲ್ಲಿ 1681ರಲ್ಲಿ ಮುಗಿದ ಮಿದಿ ಕಾಲುವೆ ಸುಮಾರು 240 ಕಿಲೋಮೀಟರ್ ಉದ್ದ. ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆಯುತ್ತಿದ್ದ ಅದರ ದಡದ ಹಾದಿಯಲ್ಲಿ ಇಂದು ಜಗತ್ತಿನ ಮೂಲೆಮೂಲೆಯವರು ಸೈಕಲ್ ತುಳಿಯುತ್ತಾರೆ. ನಮ್ಮ ನಾಲೆ ಏರಿಗಳು ಅದಕ್ಕೇನೂ ಕಡಿಮೆಯಿಲ್ಲ. ಅಷ್ಟೇ ಅಲ್ಲ, ಅಲ್ಲಿ ದೋಣಿ ಸಾಗಾಟ ನಿಂತ ಮೇಲೆ ಉಳಿದದ್ದು ವಿಹಾರ. ಇಲ್ಲಿ ನಾಲೆ ಈಗಲೂ ಗದ್ದೆಗೆ ನೀರು ಕೊಡುತ್ತಿದೆ. ಮೈಸೂರು–ಹಾಸನ ರೈಲು ಕೆ.ಆರ್. ನಗರದಲ್ಲೂ ಹೊಸ ಅಗ್ರಹಾರದಲ್ಲೂ ನಿಲ್ಲುತ್ತದೆ. ಸೈಕಲ್ಲನ್ನು ರೈಲಿನಲ್ಲಿ ಸಲೀಸಾಗಿ ತರುವಂತಾದರೆ ಮೈಸೂರಿನವರಿಗೆ ಹೆದ್ದಾರಿಯ ಗೊಡವೆಯೇ ಬೇಡ.

ಈ ಮೌನಕ್ಕೆ ಊರವರೇ ಕಾವಲು. ದೊಡ್ಡ ರಸ್ತೆಯಲ್ಲಿ ಮಗುವೊಂದಕ್ಕೆ ಪೆಟ್ಟಾದ ಮೇಲೆ ಊರವರೆಲ್ಲ ರಸ್ತೆ ತಡೆದು ಕೂತು ಹಂಪ್ ಹಾಕಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹಂಪ್ ವಾಹನದವರಿಗೆ ಕಿರಿಕಿರಿ, ಬಹಳ ಸಲ ಲೆಕ್ಕವಿಲ್ಲದೆ ಎತ್ತರವಾಗಿರುತ್ತದೆ, ಸೈಕಲ್ಲಿಗೂ ಕಷ್ಟ. ಆದರೂ ಅದು ಒಂದು ಊರು ತನ್ನ ದಾರಿಯ ಬಗ್ಗೆ ತಾನೇ ಮಾಡಿದ ತೀರ್ಮಾನ, ನಮ್ಮ ಮನೆ ಮುಂದೆ ಮೆಲ್ಲಗೆ ಹೋಗಿ ಎಂಬ ಮಾತು. ಫ್ರಾನ್ಸಿನಲ್ಲಿ ಈ ತೀರ್ಮಾನಕ್ಕೆ ಕಾನೂನಿನ ಬಲವಿದೆ. ಊರಿನ ಹೆಸರಿನ ಫಲಕ ದಾಟಿದೊಡನೆ ವೇಗ ಗಂಟೆಗೆ 50 ಕಿಲೋಮೀಟರಿಗೆ ಇಳಿಯಬೇಕು. ಊರ ಹೊರಗೆ ಸೈಕಲ್ಲನ್ನು ದಾಟುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕು. 2018ರ ಜುಲೈಯಿಂದ ಹಳ್ಳಿಗಾಡಿನ ಇಬ್ಬದಿ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದಾಗ ಅಲ್ಲಿಯೂ ಜನ ಸಿಟ್ಟಾದರು, ಮುಂದೆ 90ಕ್ಕೆ ಮರಳುವ ಅಧಿಕಾರವನ್ನು ಜಿಲ್ಲೆಗಳಿಗೆ ಕೊಡಬೇಕಾಯಿತು. ಮೆಲ್ಲಗೆ ಹೋಗುವುದು ಯಾವ ದೇಶದಲ್ಲೂ ಪುಕ್ಕಟೆ ಸಿಕ್ಕಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಪಟ್ಟಣದಿಂದ ಭಾನುವಾರ ಬರುವವರಿಗೆ ಕಿರಿದಾದ ದಾರಿ ಚೆಂದ. ನಮಗೆ ಆಂಬುಲೆನ್ಸ್ ಬರಬೇಕು, ಬಸ್ಸು ಬರಬೇಕು, ಭತ್ತದ ಲಾರಿ, ಹೊಗೆಸೊಪ್ಪಿನ ಬೇಲು ಹರಾಜು ಕಟ್ಟೆಗೆ ಹೋಗಬೇಕು. ನಿಮ್ಮ ಸೊಬಗಿಗಾಗಿ ನಾವು ಹಿಂದುಳಿಯಬೇಕೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಹೆರಿಗೆ ನೋವಿನಲ್ಲಿರುವ ಹೆಂಗಸನ್ನು ಗುಂಡಿಬಿದ್ದ ರಸ್ತೆಯಲ್ಲಿ ಸಾಗಿಸಿದ ಊರಿನವರು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಇಷ್ಟು: ಒಳ್ಳೆಯ ರಸ್ತೆ ಬೇರೆ, ವೇಗದ ರಸ್ತೆ ಬೇರೆ. ಆಂಬುಲೆನ್ಸಿಗೆ ಬೇಕಾದದ್ದು ಗುಂಡಿಯಿಲ್ಲದ, ಮಳೆಗೆ ಕೊಚ್ಚಿಹೋಗದ, ಅಂಚು ಭದ್ರವಾಗಿರುವ ರಸ್ತೆ. ಫ್ರಾನ್ಸಿನ ಎಷ್ಟೋ ಹಳ್ಳಿ ರಸ್ತೆಗಳಿಗೆ ನಡುಗೆರೆ ಎಳೆಯುವಷ್ಟೂ ಅಗಲವಿಲ್ಲ, ಆದರೆ ಗುಂಡಿಯೂ ಇಲ್ಲ. ನಾವು ಇದಕ್ಕೆ ತಿರುಗುಮುರುಗಾಗಿ ಹಣವನ್ನೆಲ್ಲ ಅಗಲಿಸುವುದಕ್ಕೆ ಸುರಿದು, ರಿಪೇರಿಗೆ ಕೈ ಬಿಗಿ ಹಿಡಿಯುತ್ತೇವೆ. ಹುಣಸೂರಿನ ಹೆದ್ದಾರಿ ಅಗಲವಾಗಲಿ, ಮಡಿಕೇರಿಯ ಕಡೆಯ ಭಾರವನ್ನೆಲ್ಲ ಅದು ಹೊರಲಿ. ಆ ದಾರಿಯ ಆಲದ ಸಾಲುಮರಗಳಲ್ಲಿ ಎಷ್ಟೋ ಅದಕ್ಕಾಗಿ ಬಿದ್ದವು, ಆ ನಷ್ಟವನ್ನು ಮತ್ತೆ ತುಂಬಲಾಗದು. ಆದರೆ ಹೆದ್ದಾರಿಗೆ ಅಷ್ಟು ಕೊಟ್ಟ ಮೇಲೆ ಅದರಿಂದ ಕವಲೊಡೆಯುವ ಪ್ರತಿ ಹಳ್ಳಿ ದಾರಿಯನ್ನೂ ಹೆದ್ದಾರಿಯ ಅಳತೆಗೆ ಹಿಗ್ಗಿಸುವ ಅಗತ್ಯವೇನು? ಅಗಲಿಸಿದ ರಸ್ತೆ ಊರವರ ವೇಗವನ್ನು ಹೆಚ್ಚಿಸುವುದಕ್ಕಿಂತ ಹೆಚ್ಚಾಗಿ ಊರನ್ನು ಹಾದುಹೋಗುವವರ ವೇಗವನ್ನು ಹೆಚ್ಚಿಸುತ್ತದೆ.

ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುವುದರ ಬಗ್ಗೆಯೂ ಒಂದು ಮಾತು. ಸೈಕಲ್ಲಿನವನಿಗೂ ಬೈಕಿನವನಿಗೂ ಅದು ಜಾರಿ ಬೀಳುವ ಜಾಗ, ಪೊಲೀಸರು ಬೇಡವೆನ್ನುವುದರಲ್ಲಿ ತಪ್ಪಿಲ್ಲ. ಆದರೆ ಊರ ಕಣಗಳೆಲ್ಲ ಮಾಯವಾದ ಮೇಲೆ ರೈತ ಟಾರು ರಸ್ತೆಗೆ ಬಂದ. ಊರಿಗೊಂದು ಸಾಮಾನ್ಯ ಕಣವನ್ನು ಪಂಚಾಯಿತಿ ಕಟ್ಟಿಸಿಕೊಟ್ಟರೆ ದಾರಿಯೂ ಉಳಿಯುತ್ತದೆ, ಕಾಳೂ ಉಳಿಯುತ್ತದೆ. ಸೈಕಲ್ ದಾರಿಗೆಂದು ಎತ್ತಿಡುವ ಹಣದಲ್ಲಿ ಮೊದಲ ಪಾಲು ಇಂಥದ್ದಕ್ಕೆ ಹೋಗಬೇಕು.

ಯಾಕೆಂದರೆ ದಾರಿಯನ್ನು ಯಾರಿಗೆಂದು ಮಾಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಪ್ರೌಢಶಾಲೆ ಪಕ್ಕದೂರಿನಲ್ಲಿದ್ದರೆ ಓದು ಬಿಡಿಸುತ್ತಿದ್ದ ಮನೆಗಳಿಂದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ಏರಿ ಹೊರಟರು. ಈ ಸೀಮೆಯ ರಸ್ತೆಗಳಿಗೆ ಅಷ್ಟು ಚೆಲುವು ಇನ್ನಾವುದರಿಂದಲೂ ಬಂದಿರಲಿಲ್ಲ. ಕೊರೊನಾ ಬಂದ ಕಾಲಕ್ಕೆ ಆ ಯೋಜನೆ ನಿಂತಿತು. ಅತ್ತ ಹಾಲಿನವರೂ ಸೊಪ್ಪಿನವರೂ ಎಕ್ಸೆಲ್ ಮೊಪೆಡ್ಡಿಗೆ ಬದಲಾದರು. ಸೈಕಲ್ ಬಡವರ ಕೈಯಿಂದ ಜಾರಿ ಉಳ್ಳವರ ಹವ್ಯಾಸವಾಗುತ್ತಿರುವ ಹೊತ್ತು ಇದು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು, 2008ರಿಂದ ‘ನೀಲಗಿರಿ ಪ್ರವಾಸ’ ಎಂಬ ಸೈಕಲ್ ಯಾತ್ರೆಯ ಸವಾರರು ಈ ಭಾಗಗಳಲ್ಲಿ ಓಡಾಡುತ್ತಾರೆ. ಎಲ್ಲವೂ ಒಳ್ಳೆಯದೇ. ಆದರೆ ದುಬಾರಿ ಸೈಕಲ್ಲಿನ ಪ್ರವಾಸಿಗಾಗಿ ಕಟ್ಟಿದ ದಾರಿ ರೆಸಾರ್ಟಿನಿಂದ ರೆಸಾರ್ಟಿಗೆ ಹೋಗುತ್ತದೆ, ಶಾಲೆಯ ಬಾಗಿಲಿಗೆ ಬರುವುದಿಲ್ಲ. ಎಂಟನೇ ತರಗತಿಯ ಹುಡುಗಿ ಒಬ್ಬಳೇ, ಸಂಜೆ ಐದರ ಹೊತ್ತಿಗೆ, ಹೆದರಿಕೆಯಿಲ್ಲದೆ ಮನೆಗೆ ಬರಬಹುದಾದ ದಾರಿಯಲ್ಲಿ ಪ್ಯಾರಿಸಿನ ಪ್ರವಾಸಿಯೂ ನಿಶ್ಚಿಂತೆಯಿಂದ ತುಳಿಯಬಲ್ಲ.

ಆದ್ದರಿಂದ ನಕ್ಷೆ ಬರೆಯುವವರು ಗುಡಿ, ಜಲಪಾತ, ಬೆಟ್ಟಗಳಿಂದ ಶುರುಮಾಡಬಾರದು. ಪ್ರೌಢಶಾಲೆಗಳನ್ನು ಮೊದಲು ಗುರುತಿಸಲಿ, ಅಲ್ಲಿಗೆ ಮಕ್ಕಳು ಬರುವ ಹಳ್ಳಿಗಳನ್ನು ಗುರುತಿಸಲಿ, ನಡುವಿನ ನಾಲೆ ಏರಿಗಳನ್ನೂ ಒಳದಾರಿಗಳನ್ನೂ ಜೋಡಿಸಲಿ. ಆ ದಾರಿಗಳಲ್ಲಿ ಲಾರಿಗೆ ಶಾಲೆಯ ಹೊತ್ತಿನಲ್ಲಿ ತಡೆ, ಉಳಿದ ಹೊತ್ತಿನಲ್ಲಿ ವೇಗಕ್ಕೆ ಮಿತಿ, ಲೆಕ್ಕದ ಅಳತೆಯ ಹಂಪ್, ಅಂಚಿಗೆ ಹೊಂಗೆ ಹಿಪ್ಪೆಯ ಸಾಲು, ನಾಲೆಯ ಕಡೆಗೆ ತಡೆಗಂಬಿ, ಪ್ರತಿ ಊರ ಬಾಗಿಲಲ್ಲಿ ಕುಡಿಯುವ ನೀರು, ಪಂಕ್ಚರ್ ಹಾಕುವ ಒಂದು ಅಂಗಡಿಗೆ ಪಂಚಾಯಿತಿಯ ನೆರವು. ನಿಂತುಹೋದ ಸೈಕಲ್ ಯೋಜನೆ ಮತ್ತೆ ಬರಲಿ. ಚುಂಚನಕಟ್ಟೆ, ಸಾಲಿಗ್ರಾಮ, ಹನಗೋಡು, ಬೆಟ್ಟದಪುರ ಇವೆಲ್ಲ ಆ ಜಾಲದೊಳಗೆ ತಾವಾಗಿಯೇ ಬರುತ್ತವೆ, ಏಕೆಂದರೆ ಅವು ನೋಡಲೆಂದು ಮಾತ್ರ ಉಳಿದ ಊರುಗಳಲ್ಲ, ಅಲ್ಲಿಯೂ ಮಕ್ಕಳು ಶಾಲೆಗೆ ಹೋಗುತ್ತಾರೆ. ಮೊದಲ ವರ್ಷಕ್ಕೆ ಕೆ.ಆರ್. ನಗರದಿಂದ ಚುಂಚನಕಟ್ಟೆಯವರೆಗಿನ ಊರುಗಳು ಸಾಕು. ನೀರಾವರಿ ಇಲಾಖೆಯೂ ಪಂಚಾಯಿತಿಗಳೂ ಒಂದು ಮೇಜಿನ ಸುತ್ತ ಕೂತರೆ ಅದಕ್ಕೆ ಹೊಸದಾಗಿ ಒಂದು ಗುಂಟೆ ಜಮೀನನ್ನೂ ರೈತರಿಂದ ಕೇಳಬೇಕಾಗಿಲ್ಲ.