ಸಿಂಗಪುರದಲ್ಲಿ ಸಂಸ್ಕೃತಿ, ಸಾಗರದಲ್ಲಿ ಕೊಳಕೇ?

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸಿಂಗಪುರದ ಪ್ರವಾಸದಿಂದ ಚಿತ್ರಗಳನ್ನು ಕಳುಹಿಸಿದ್ದನು. ಬೀದಿ ತಿಂಡಿಯ ಅಂಗಡಿಗಳು, ಹೊಗೆಯಾಡುವ ಬಾಣಲೆಗಳು, ಸಾಲುಗಟ್ಟಿ ನಿಂತ ಜನ. "ನೋಡಿ ಸರ್, ಇದು ಸಂಸ್ಕೃತಿ" ಎಂದು ಅಡಿಯಲ್ಲಿ ಬರೆದಿದ್ದನು. ಊರಿಗೆ ಮರಳಿದ ಮೇಲೆ ಅವನೇ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಸಾಗರದ ಪೇಟೆಯಿಂದ ಈ ತಳ್ಳುಗಾಡಿಗಳನ್ನೆಲ್ಲ ಎತ್ತಿಸಬೇಕು ಸರ್, ಊರಿನ ಮರ್ಯಾದೆ ಹೋಗುತ್ತದೆ" ಎಂದನು. ಅಂದು ಕಾಫಿ ಕೊಟ್ಟು ಸುಮ್ಮನಾದೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವನೊಬ್ಬನಿಗಷ್ಟೇ ಅಲ್ಲ, ನಮ್ಮ ನೆಂಟರಿಷ್ಟರಲ್ಲಿ ಇದೇ ಮಾತನ್ನಾಡುವ ಎಲ್ಲರಿಗೂ.

2015ರಲ್ಲಿ ಮಗಳ ಮನೆಗೆಂದು ನಾನೂ ಸಿಂಗಪುರಕ್ಕೆ ಹೋಗಿದ್ದೆ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆ ತಿಂದೆ. ಅಂಗಡಿಗಳ ಮುಂದೆ ಶುಚಿತ್ವಕ್ಕೆ ಎ, ಬಿ, ಸಿ ಎಂದು ದರ್ಜೆ ಬರೆದ ಫಲಕಗಳಿದ್ದವು. ಜೀವಮಾನವೆಲ್ಲ ಅಂಕಪಟ್ಟಿ ಬರೆದ ನನಗೆ ಅದು ಬಹಳ ಹಿಡಿಸಿತು. ಆದರೆ ಆ ಅಂಗಡಿಗಳು ಆಕಾಶದಿಂದ ಇಳಿದವಲ್ಲ. 1960ರ ದಶಕದಲ್ಲಿ ಅಲ್ಲಿಯ ಮಾರಾಟಗಾರರೂ ರಸ್ತೆಯ ಬದಿಯಲ್ಲೇ ಇದ್ದರು. ಚರಂಡಿ, ಇಲಿ, ವಾಹನ ದಟ್ಟಣೆ ಎಂಬ ಇದೇ ದೂರುಗಳು ಅವರ ಮೇಲೂ ಇದ್ದವು. ಅಧಿಕಾರಿಗಳನ್ನು ಕಂಡು ಬುಟ್ಟಿ ಹೊತ್ತು ಓಡುವ ಗತಿ ಅವರದೂ ಆಗಿತ್ತು. ಆದರೆ ಆ ಸರ್ಕಾರವು 1968ರಿಂದ ಅವರನ್ನು ನೋಂದಾಯಿಸಿತು. ಮುಂದೆ ಸೂರು, ನಲ್ಲಿ, ಚರಂಡಿಗಳಿರುವ ಕಟ್ಟಡಗಳನ್ನು ಕಟ್ಟಿಸಿ, 1986ರ ವೇಳೆಗೆ ಅವರನ್ನು ಅಲ್ಲಿಗೆ ಸೇರಿಸಿತು. 2020ರಲ್ಲಿ ಯುನೆಸ್ಕೋ ಅದೇ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. ನನ್ನ ಶಿಷ್ಯನು ಚಿತ್ರ ತೆಗೆದದ್ದು ಇದರ ಫಲವನ್ನು.

ನಮ್ಮಲ್ಲಿಯೂ ಕಾನೂನಿಲ್ಲದೆ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆ ಸ್ಥಳಾಂತರಿಸುವುದಾದರೂ ಮೂವತ್ತು ದಿನಗಳ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. "ಎತ್ತಿಸಬೇಕು" ಎನ್ನುವವರು ಇದನ್ನೊಮ್ಮೆ ಓದಲಿ.

ಶುಚಿತ್ವದ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಒಂದೇ ಬಕೆಟ್ಟಿನ ನೀರಿನಲ್ಲಿ ಸಂಜೆಯವರೆಗೆ ತಟ್ಟೆ ಅದ್ದುವುದನ್ನು ನಾನೂ ಕಂಡಿದ್ದೇನೆ, ಹೇಸಿದ್ದೇನೆ. ಆದರೆ ಎರಡನೆಯ ಬಕೆಟ್ ನೀರನ್ನು ಅವರು ಎಲ್ಲಿಂದ ತರಬೇಕು? ಗಾಡಿ ತೆಗೆಸಿರೆಂದು ಅರ್ಜಿಗೆ ಸಹಿ ಹಾಕುವ ನಾವು, ಅಲ್ಲೊಂದು ನಲ್ಲಿ ಹಾಕಿಸಿರೆಂದು ಎಂದಾದರೂ ಅರ್ಜಿ ಕೊಟ್ಟಿದ್ದೇವೆಯೇ?

ನಮ್ಮ ಸೀಮೆಯ ತೊಡದೇವನ್ನೇ ನೋಡಿ. ಕವುಚಿದ ಮಡಕೆಯೊಳಗೆ ಬೆಂಕಿ, ಅದರ ಬೆನ್ನಿನ ಮೇಲೆ ಕಬ್ಬಿನ ಹಾಲು ಬೆರೆತ ಅಕ್ಕಿಹಿಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತ. ಕಾಗದದಂಥ ಹಾಳೆ ಏಳುತ್ತದೆ. ಕೈಗೆ ಆ ಹದ ಬರಬೇಕಾದರೆ ವರ್ಷಗಳು ಬೇಕು. ಬ್ಯಾಂಕಾಕಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದನ್ನು ಮಾಡುತ್ತಿದ್ದರೆ ನೀವು ಅರ್ಧ ಗಂಟೆ ನಿಂತು ನೋಡುತ್ತಿರಲಿಲ್ಲವೇ? 1623ರಲ್ಲಿ, ವೆಂಕಟಪ್ಪ ನಾಯಕನ ಕಾಲದಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಯಾತ್ರಿಕನು ನಮ್ಮ ಇಕ್ಕೇರಿಗೆ ಬಂದನು. ದಾರಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುವುದನ್ನು ಕಂಡು, ಮೂಗು ಮುರಿಯದೆ ವಿಚಾರಿಸಿ, ಮೆಚ್ಚಿ ಬರೆದನು. ಪರದೇಶದಲ್ಲಿ ನಮಗೂ ಅಂಥ ಕಣ್ಣು ಬರುತ್ತದೆ. ಊರಿಗೆ ಬಂದೊಡನೆ ಅದೆಲ್ಲಿ ಹೋಗುತ್ತದೆಯೋ ತಿಳಿಯದು.

ಇಷ್ಟನ್ನು ಬರೆದ ನಾನು ನಿರ್ದೋಷಿಯಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ಶಾಲೆಯ ಗೇಟಿನ ಬಳಿ ಒಬ್ಬಾಕೆ ಉಪ್ಪುಖಾರ ಹಚ್ಚಿದ ಮಾವಿನಕಾಯಿ, ನೆಲ್ಲಿಕಾಯಿ ಮಾರುತ್ತಿದ್ದಳು. ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ, "ಆ ಕೊಳಕು ತಿಂಡಿಯನ್ನು ಯಾರೂ ಮುಟ್ಟಕೂಡದು" ಎಂದು ಗಟ್ಟಿಯಾಗಿ ಹೇಳಿದೆ. ಆಕೆಯ ಮಗ ಅದೇ ಸಾಲಿನಲ್ಲಿ ನಿಂತಿದ್ದನು, ತಲೆಯೆತ್ತಲಿಲ್ಲ. ಮರುದಿನದಿಂದ ಬುಟ್ಟಿ ಕಾಣಲಿಲ್ಲ. ಮಳೆಗಾಲದ ಹೊತ್ತಿಗೆ ಹುಡುಗನೂ ಶಾಲೆ ಬಿಟ್ಟನು. ಬುಟ್ಟಿಗೆ ಮುಚ್ಚಲು ಒಂದು ಬಟ್ಟೆಯನ್ನು, ಶಾಲೆಯ ಬಾವಿಯಿಂದ ಒಂದು ಕೊಡ ನೀರನ್ನು ನಾನು ಕೊಡಬಹುದಿತ್ತು. ಹೊಳೆಯಲಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ ಒಂದೇ ಕೇಳಿಕೆ. ಊರಿನಲ್ಲಿರುವವರು ಪುರಸಭೆಯೋ ನಗರಸಭೆಯೋ, ನಿಮ್ಮದು ಯಾವುದೋ ಅಲ್ಲಿಗೆ ಹೋಗಿ, ಸಮೀಕ್ಷೆ ನಡೆದಿದೆಯೇ, ಸಮಿತಿಯಿದೆಯೇ, ನೀರಿನ ವ್ಯವಸ್ಥೆ ಎಲ್ಲಿ ಎಂದು ವಿಚಾರಿಸಿರಿ. ದೂರದಲ್ಲಿರುವವರು ಮಾರಿಕಾಂಬೆಯ ಜಾತ್ರೆಗೆ ಬಂದಾಗ ತಿಂಡಿ ಮಾರುವವರ ಬಳಿ ನಿಂತು ಮಾತನಾಡಿಸಿರಿ; ಸಿಂಗಪುರದಲ್ಲಿ ತೋರಿದಷ್ಟೇ ಮರ್ಯಾದೆಯಿಂದ.